ಸ್ವಂತ ಕೀಬೋರ್ಡಿನ ಅಕ್ಕೋರು

ಪಲ್ಲವಿ, ಮೊನ್ನೆ ನೀನು ಡಿಪ್ಲೊಮಾ ಕಾಲೇಜಿನ ಅಭ್ಯಾಸ ಮಾಡುತ್ತ ಕೂತಿದ್ದಾಗ ಲ್ಯಾಪ್‌ಟಾಪಿನ ಪರದೆಯ ತುಂಬ ಕೆಂಪು ಅಕ್ಷರ ಬಂದವು. ಎಲ್ಲಾ ಕೆಟ್ಟು ಹೋಯಿತು ಎಂದು ನೀನು ತಲೆಯ ಮೇಲೆ ಕೈಹೊತ್ತು ಕೂತೆ. ನಾನು ಹೊಸ್ತಿಲ ಹತ್ತಿರ ತೊಗರಿಕಾಯಿ ಬಿಡಿಸುತ್ತಿದ್ದೆ. ನನಗೇ ಗೊತ್ತಾಗದಂತೆ ಬಾಯಿಂದ ಬಂತು: "ಕೆಟ್ಟದ ಅನಬ್ಯಾಡ. ಏನಾತು ಅದನ್ನ ಹೇಳು. ಮೊದಲ ಆ ಕೆಂಪಕ್ಷರ ಜೋರಾಗಿ ಓದು."

ನಿನ್ನ ತಮ್ಮ ಸಚಿನ ನಕ್ಕ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಆಯಿ ಮೊಮ್ಮಗಳಿಗೆ ಕಂಪ್ಯೂಟರಿನ ವಿಷಯದಲ್ಲಿ ಬುದ್ಧಿ ಹೇಳುತ್ತಾಳೆ ಎಂದು ನಗು ಬರುವುದು ಸಹಜ. ಆದರೆ ನೀನು ಓದಿದೆ. ಓದುತ್ತ ಓದುತ್ತ ನಡುವೆ ನಿಂತೆ, ಏನೋ ತಿದ್ದಿದೆ, ಕೆಂಪು ಹೋಯಿತು. ಆಮೇಲೆ ಇಬ್ಬರೂ ಬಂದು ನನ್ನ ಮುಂದೆ ಕೂತು ಇದನ್ನು ನನಗೆ ಯಾರು ಕಲಿಸಿದರು ಎಂದು ಕೇಳಿದಿರಿ. ನನಗೆ ಬಾಯಿಂದ ಹೇಳಲು ಬರುವುದಿಲ್ಲ. ನಾಲ್ಕು ಮಾತು ಕೂಡಿಸುವುದರೊಳಗೆ ಎದುರಿಗಿದ್ದವರ ಮುಖ ನೋಡಿ ಮರೆತುಬಿಡುತ್ತೇನೆ. ಅದಕ್ಕೆ ಬರೆದಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಅವರನ್ನು ಕೇಳಬೇಕಿತ್ತು. ಫೋನು ಕೈಗೆ ತೆಗೆದುಕೊಂಡೆ, ಮತ್ತೆ ಇಟ್ಟೆ. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕಂಪ್ಯೂಟರ್ ಅಕ್ಕೋರು ಎನ್ನುತ್ತಿದ್ದರು. ನಾನು ಅಕ್ಕೋರು ಎನ್ನುತ್ತಿದ್ದೆ. ಬಸವಕಲ್ಯಾಣದ ಬಸ್ ನಿಲ್ದಾಣದ ಹಿಂದೆ ಅವರ ಕಂಪ್ಯೂಟರ್ ಕ್ಲಾಸು ಇತ್ತು. ಈಚೆಗೆ ಸಂತೆಗೆ ಹೋದಾಗ ನೋಡಿದೆ, ಆ ಬಾಗಿಲ ಮೇಲೆ ಬೇರೆಯವರ ಬೋರ್ಡು ಬಂದಿದೆ. ಪಕ್ಕದ ಹೊಲಿಗೆ ಅಂಗಡಿಯವಳು, ಅಕ್ಕೋರು ಕ್ಲಾಸು ಬಿಟ್ಟುಕೊಟ್ಟು ಲಾತೂರಿನಲ್ಲಿ ತಂಗಿಯ ಮನೆಯ ಹತ್ತಿರ ಹೋಗಿದ್ದಾರೆ ಎಂದಳು. ವಿಶ್ರಾಂತಿ ತೆಗೆದುಕೊಳ್ಳುತ್ತಾರಂತೆ. ಅಕ್ಕೋರು ಸುಮ್ಮನೆ ಕೂಡುತ್ತಾರೆ ಎಂಬುದನ್ನು ಅವಳೂ ನಂಬಿರಲಿಲ್ಲ, ನಾನೂ ನಂಬಲಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹುಮನಾಬಾದಿನ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ರೋಗಿಗಳ ಕಣ್ಣಿಗೆ ಔಷಧ ಹನಿ ಹಾಕುವುದು, ಕೈಹಿಡಿದು ಕರೆದುಕೊಂಡು ಹೋಗುವುದು, ಪಟ್ಟಿ ಬಿಚ್ಚುವಾಗ ಹತ್ತಿರ ನಿಲ್ಲುವುದು. ಮಾತು ಕಡಿಮೆ ಬೇಕಾದ ಕೆಲಸ. ನನಗೆ ಹೇಳಿ ಮಾಡಿಸಿದ ಹಾಗಿತ್ತು.

ಅಕ್ಕೋರು ಅಲ್ಲಿಗೆ ಕಂಪ್ಯೂಟರ್ ಕೆಟ್ಟಾಗ ಬರುತ್ತಿದ್ದರು, ಕೆಡದಿದ್ದಾಗಲೂ ಬರುತ್ತಿದ್ದರು. ಅವರು ಗೇಟಿನ ಹತ್ತಿರ ಇದ್ದಾರೆಂದರೆ ಒಳಗಿನ ವಾರ್ಡಿಗೆ ಗೊತ್ತಾಗುತ್ತಿತ್ತು. ಅಂಥ ಧ್ವನಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವರು ಕೂಡ ಆ ಧ್ವನಿ ಬಂದ ಕಡೆ ಮುಖ ತಿರುಗಿಸುತ್ತಿದ್ದರು. ಚಷ್ಮಾಕ್ಕೆ ಕರಿದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಬಲಗೈಗೆ ಗಂಡಸರ ಗಡಿಯಾರ. ಹೆಗಲಿಗೆ ಒಂದು ಉದ್ದನೆಯ ಬಟ್ಟೆಯ ಚೀಲ, ಆ ಚೀಲದ ಬಾಯಿಂದ ಅವರ ಕೀಬೋರ್ಡು ಹೊರಗೆ ಇಣುಕುತ್ತಿತ್ತು. ಬೇರೆಯವರ ಕೀಬೋರ್ಡನ್ನು ಅವರು ಮುಟ್ಟುತ್ತಿರಲಿಲ್ಲ. ಯಾವ ಕಂಪ್ಯೂಟರಿನ ಮುಂದೆ ಕೂತರೂ ಮೊದಲು ಅಲ್ಲಿಯ ಕೀಬೋರ್ಡು ಕಿತ್ತು ಪಕ್ಕಕ್ಕೆ ಇಟ್ಟು, ತಮ್ಮದನ್ನು ಚುಚ್ಚಿ, ಒಂದು ಕಾಲು ಮಡಚಿ ಕುರ್ಚಿಯ ಮೇಲೆ ಇಟ್ಟುಕೊಂಡು ಶುರುಮಾಡುತ್ತಿದ್ದರು. ಕುಸ್ತಿಯವನು ಬೇರೆಯವನ ಲಂಗೋಟಿ ಕಟ್ಟಿಕೊಳ್ಳುತ್ತಾನೇನು ಎಂದು ಮ್ಯಾನೇಜರ್ ಸಾಹೇಬರ ಎದುರಿಗೇ ಒಮ್ಮೆ ಕೇಳಿದ್ದರು. ಸಾಹೇಬರು ಕಿಟಕಿಯ ಕಡೆ ನೋಡಿದರು.

ವಿನಯ ಎನ್ನುವುದು ಅವರಲ್ಲಿ ಸ್ವಲ್ಪವೂ ಇರಲಿಲ್ಲ. "ಹೈದರಾಬಾದದಿಂದ ಬೀದರದ ತನಕ ನನ್ನಷ್ಟು ಹುಷಾರ ಮಂದಿ ಕಮ್ಮಿ ಅದಾರ" ಎನ್ನುತ್ತಿದ್ದರು. "ಇದ್ರ ಕರಕೊಂಡು ಬರ್ರಿ, ಚಹಾ ಕುಡಸ್ತೀನಿ." ಆದರೆ ತಪ್ಪಿದಾಗ ತಪ್ಪಿದೆ ಎನ್ನುವುದನ್ನೂ ಅದೇ ಧ್ವನಿಯಲ್ಲಿ, ಅಷ್ಟೇ ಜೋರಾಗಿ ಹೇಳುತ್ತಿದ್ದರು. ಹೆಚ್ಚಿನವರು ಮೊದಲನೆಯದನ್ನು ಜೋರಾಗಿ ಹೇಳಿ ಎರಡನೆಯದನ್ನು ನುಂಗುತ್ತಾರೆ. ನನ್ನಂಥವರು ಎರಡನ್ನೂ ನುಂಗುತ್ತೇವೆ.

ಒಮ್ಮೆ ನಾನು ಕಲ್ಯಾಣದಿಂದ ಬರುತ್ತಿದ್ದ ಬಸ್ಸಿನಲ್ಲಿ ಅವರೂ ಇದ್ದರು. ರಾಜೇಶ್ವರ ದಾಟಿದ ಮೇಲೆ ಕಂಡಕ್ಟರನ ಟಿಕೀಟು ಯಂತ್ರ ನಿಂತುಹೋಯಿತು. ಅವನು ಅದನ್ನು ಅಂಗೈಗೆ ಬಡಿದ, ಕಂಬಿಗೆ ಬಡಿದ. ಅಕ್ಕೋರು ಮುಂದಿನ ಸೀಟಿನಿಂದ, ಅದನ್ನು ಯಾಕೆ ಹೊಡೆಯುತ್ತೀ, ಅದೇನು ನಿನಗೆ ಸಾಲ ಕೊಡಬೇಕಾಗಿದೆಯೇ, ಕಡೆಯ ಟಿಕೀಟು ಬಂದ ಮೇಲೆ ನೀನು ಏನೇನು ಮಾಡಿದೆ ಹೇಳು ಎಂದರು. ಅವನು ಹೇಳುತ್ತ ಹೋದ. ಟಿಕೀಟು ಕೊಟ್ಟೆ, ಚಿಲ್ಲರೆ ಕೊಟ್ಟೆ, ಕಾಗದ ಮುಗಿಯಿತು, ಹೊಸ ಸುರುಳಿ ಹಾಕಿದೆ, ಎಂದು ಅಷ್ಟಕ್ಕೆ ತಾನೇ ನಿಂತ. ಸುರುಳಿಯನ್ನು ತಲೆಕೆಳಗೆ ಹಾಕಿದ್ದ. ಅಕ್ಕೋರು ಸೀಟಿನಿಂದ ಏಳಲೇ ಇಲ್ಲ. ಬಸ್ಸಿಗೆ ಬಸ್ಸೇ ನಕ್ಕಿತು.

ಅವರ ವಿದ್ಯೆಯ ಅರ್ಧ ಅದೇ ಆಗಿತ್ತು. ಕೆಟ್ಟದ್ದನ್ನು ನೋಡುವ ಮೊದಲು ಕೆಡಿಸಿದವರ ಕಥೆ ಕೇಳುವುದು. ಆಸ್ಪತ್ರೆಯಲ್ಲಿ ಗುಮಾಸ್ತರು ಕೆಂಪಕ್ಷರ ಬಂದ ಕೂಡಲೇ ಪರದೆ ಆರಿಸಿಬಿಡುತ್ತಿದ್ದರು, ಮನೆಗೆ ಬೇಡದ ನೆಂಟರು ಬಂದರೆ ದೀಪ ಆರಿಸಿದ ಹಾಗೆ. ಅಕ್ಕೋರು ಅದಕ್ಕೆ ಬೈಯುತ್ತಿದ್ದರು. ಗುಮಾಸ್ತರು ಇಲ್ಲದಾಗ ನನ್ನನ್ನೇ ಕರೆದು ಕೂಡಿಸಿ ಆ ಕೆಂಪಕ್ಷರಗಳನ್ನು ಒಂದೊಂದಾಗಿ ಓದಿಸುತ್ತಿದ್ದರು, ತಾವು ಕಣ್ಣು ಮುಚ್ಚಿ ಬಸಿಯಲ್ಲಿ ಚಹಾ ಹೀರುತ್ತ. ನನಗೆ ಇಂಗ್ಲಿಷ್ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ನಾಚಿಕೆಯಿಂದ ಸಣ್ಣಗೆ ಓದುತ್ತಿದ್ದೆ.

"ಕಾಕು, ನಿಮ್ಮ ಮಾತು ನಿಮ್ಮ ಸೆರಗಿಗೆ ಕೇಳಸ್ತದ, ನನಗಲ್ಲ" ಎನ್ನುತ್ತಿದ್ದರು. ನನ್ನನ್ನು ಅವರು ಚಿಕ್ಕಮ್ಮನ ಹಾಗೆ ಕಾಕು ಎಂದೇ ಕರೆಯುತ್ತಿದ್ದರು.

ಆ ಆಸ್ಪತ್ರೆಯ ಕೆಲಸಕ್ಕೆ ಅವರು ಒಂದು ಸ್ಕ್ರಿಪ್ಟ್ ಬರೆದಿದ್ದರು. ಸ್ಕ್ರಿಪ್ಟ್ ಎಂದರೆ ಯಂತ್ರಕ್ಕೆ ಸಾಲು ಸಾಲಾಗಿ ಹೇಳಿದ ಹುಕುಂ. ಅದರ ಭಾಷೆಯ ಹೆಸರು ಪವರ್‌ಶೆಲ್, ಅದು ಡಾಟ್‌ನೆಟ್ ಎಂಬುದರ ಮೇಲೆ ನಡೆಯುತ್ತದೆ. ಇದನ್ನು ನೀವು ಓದುವಾಗ ಸಚಿನ ಮತ್ತೆ ನಗುತ್ತಾನೆ, ನಗಲಿ. ಮೇಲೆ ನಡೆಯುತ್ತದೆ ಎಂದರೇನು ಎಂದು ನಾನು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. ಅವರು ಕೀಬೋರ್ಡು ಬಿಟ್ಟು ನನ್ನ ಕಡೆ ತಿರುಗಿದರು.

"ಕಲ್ಯಾಣದಾಗ ದಾಸೋಹದ ಅಡಿಗಿಮನಿ ನೋಡೀರಿಲ್ಲ ಕಾಕು? ಒಲಿ ಅವರದು, ಕಟ್ಟಿಗಿ ಅವರದು, ಉಂಡ ಮ್ಯಾಲ ಭಾಂಡೆ ತಿಕ್ಕಿ ಡಬ್ಬ ಹಾಕೋರೂ ಅವರೇ. ನಾ ಹೋಗಿ, ಇಷ್ಟು ಮಂದೀಗಿ ಹುಗ್ಗಿ ಮಾಡ್ರಿ ಅಂತ ಹೇಳೋದು ಅಷ್ಟೇ. ನಾ ಹೇಳೋದು ಸ್ಕ್ರಿಪ್ಟ್. ಆ ಅಡಿಗಿಮನಿ ಡಾಟ್‌ನೆಟ್."

ನನಗೆ ಪೂರ್ತಿ ತಿಳಿಯಿತು ಎಂದಲ್ಲ. ಆದರೆ ಆ ದಿನದಿಂದ ಆ ಡಬ್ಬಿಯೊಳಗೆ ಯಾರೋ ಭಾಂಡೆ ತಿಕ್ಕುತ್ತಿದ್ದಾರೆ ಎನಿಸಿ ಅದರ ಮೇಲೆ ನನಗೆ ಸಲಿಗೆ ಬಂತು.

ಈಗ ಘಾಟಬೋರಾಳದ ಜೀಪಿನ ದಿನದ ಕಥೆ ಹೇಳುತ್ತೇನೆ. ಅದನ್ನು ಹೇಳದಿದ್ದರೆ ಅಕ್ಕೋರು ಯಾರೆಂದು ನಿಮಗೆ ಗೊತ್ತಾಗುವುದಿಲ್ಲ.

ಕಣ್ಣಿನ ಪೊರೆ, ನಮ್ಮ ಕಡೆ ಮೋತಿಬಿಂದು ಎನ್ನುತ್ತೇವಲ್ಲ, ಅದರ ಆಪರೇಷನ್ ಮಾಡುವ ಡಾಕ್ಟರು ಹೊರಗಿನಿಂದ ಬರುತ್ತಿದ್ದರು. ಬಂದರೆ ಒಂದು ಮಧ್ಯಾಹ್ನ, ಮರುದಿನ ಒಂದು ಬೆಳಗು, ಅಷ್ಟೇ. ಮತ್ತೆ ಬರಲು ತಿಂಗಳುಗಳಾಗುತ್ತಿದ್ದವು. ಅದಕ್ಕೂ ಮೊದಲು ನಮ್ಮವರು ಹಳ್ಳಿಗಳಿಗೆ ಹೋಗಿ ಎಲ್ಲರ ಕಣ್ಣು ಅಳೆದು ಬರುತ್ತಿದ್ದರು. ಒಬ್ಬೊಬ್ಬರ ಕಣ್ಣಿಗೂ ಒಳಗೆ ಕೂಡಿಸುವ ಮಸೂರದ ನಂಬರು ಬೇರೆ. ಗುಮಾಸ್ತರು ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಫೈಲು ಮಾಡಿ ಕಂಪ್ಯೂಟರಿನಲ್ಲಿ ಇಡುತ್ತಿದ್ದರು. ಡಾಕ್ಟರು ಬಂದ ದಿನ ಅಕ್ಕೋರ ಸ್ಕ್ರಿಪ್ಟ್ ಆ ಹೆಸರುಗಳನ್ನು ಹಿಡಿದು ಫೈಲುಗಳನ್ನು ಹುಡುಕಿ, ಒಬ್ಬೊಬ್ಬರಿಗೂ ಚೀಟಿ ತೆಗೆಯುತ್ತಿತ್ತು: ಹೆಸರು, ಯಾವ ಕಣ್ಣು, ಯಾವ ನಂಬರು. ಚೀಟಿ ಇಲ್ಲದವರನ್ನು ಡಾಕ್ಟರು ಮುಟ್ಟುವ ಹಾಗಿರಲಿಲ್ಲ.

ಆ ದಿನ ಹುಮನಾಬಾದಿನ ಊರೊಳಗಿನವರ ಚೀಟಿಗಳು ಸರಿಯಾಗಿ ಬಂದವು. ಘಾಟಬೋರಾಳದಿಂದ ಒಂದು ಜೀಪು ತುಂಬ ಬಂದಿದ್ದರು, ಎಲ್ಲರೂ ಊರ ಹೊರಗಿನ ಒಂದೇ ಓಣಿಯವರು, ಕೂಲಿ ಮಾಡುವವರು. ಅವರಲ್ಲಿ ಒಬ್ಬರದೂ ಬರಲಿಲ್ಲ. ಕೆಂಪಕ್ಷರವೂ ಬರಲಿಲ್ಲ. ಯಂತ್ರ ತನ್ನ ಕೆಲಸ ಮುಗಿಯಿತು ಎನ್ನುವ ಹಾಗೆ ತಣ್ಣಗೆ ಕೂತಿತ್ತು. ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ. ಆ ಹಳ್ಳಿಯ ಅಳತೆಗಳು ಬಂದಿಲ್ಲ ಎಂದೇ ತಿಳಿದು, ಮುಂದಿನ ಸಲ ಡಾಕ್ಟರು ಬಂದಾಗ ನಿಮ್ಮನ್ನೇ ಮೊದಲು ಕರೆಸುತ್ತೇವೆ, ಈಗ ಊರಿಗೆ ಹೋಗಿ ಎಂದರು. ಜೀಪಿನವನಿಗೆ ಬೇರೆ ಬಾಡಿಗೆ ಇತ್ತು, ಅವನು ಆಗಲೇ ಹಾರ್ನು ಒತ್ತಲು ಶುರುಮಾಡಿದ್ದ.

ಅವರಲ್ಲಿ ಶಾಂತಾಬಾಯಿ ಎಂಬ ಮುದುಕಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಅವಳ ಒಂದು ಕಣ್ಣು ಹಿಂದೆಯೇ ಹೋಗಿತ್ತು. ಉಳಿದದ್ದರಲ್ಲಿ ಹಗಲು ಯಾವುದು ಕತ್ತಲೆ ಯಾವುದು ಎಂಬಷ್ಟೇ ಕಾಣುತ್ತಿತ್ತು. ಎಲ್ಲರೂ ಎದ್ದರೂ ಅವಳು ಏಳಲಿಲ್ಲ.

"ನನ್ನ ಕಣ್ಣು ಅಳದು ಹೋಗ್ಯಾರ. ಗದ್ದ ಇಡು ಅಂದ್ರು, ಇಟ್ಟೀನಿ. ಈಗ ಹೆಸರಿಲ್ಲ ಅಂತಾರ" ಎಂದಳು. ಆಮೇಲೆ ಯಾರಿಗೂ ಅಲ್ಲದ ಹಾಗೆ, ಮೆಲ್ಲಗೆ ಅಂದಳು: "ಮಷೀನಿಗೂ ನಮ್ಮ ಓಣಿ ಗೊತ್ತಾತೇನು?"

ಅಷ್ಟರಲ್ಲಿ ಅಕ್ಕೋರು ಬಂದಿದ್ದರು. ಡಾಕ್ಟರು ಬರುವ ದಿನ ಅವರು ಕಲ್ಯಾಣದಿಂದ ಬಂದು ಒಮ್ಮೆ ನೋಡಿ ಹೋಗುತ್ತಿದ್ದರು. ಶಾಂತಾಬಾಯಿಯ ಮಾತು ಅವರ ಕಿವಿಗೆ ಬಿತ್ತು. ಅವರೂ ಅಂಥದೇ ಒಂದು ಓಣಿಯಲ್ಲಿ ಬೆಳೆದವರು. ಅವರ ಕ್ಲಾಸಿನ ಗೋಡೆಯ ಮೇಲೆ ಬುದ್ಧನ ಪಟ ಇತ್ತು, ಅದರ ಕೆಳಗೆ ಅವರ ಡಿಗ್ರಿಯ ಪಟ. ಅಕ್ಕೋರು ಚಷ್ಮಾ ಏರಿಸಿಕೊಂಡು ನೇರ ಒಳಗೆ ಹೋಗಿ, ಗುಮಾಸ್ತರ ಕೀಬೋರ್ಡು ಕಿತ್ತು ತಮ್ಮದನ್ನು ಚುಚ್ಚಿದರು.

ಮ್ಯಾನೇಜರ್ ಸಾಹೇಬರು, ಇರಲಿ ಬಿಡಿ, ಒಂದು ಹಳ್ಳಿಯದು ಹೆಚ್ಚುಕಡಿಮೆ ಆಗುತ್ತದೆ ಎಂದರು.

"ನಾ ಬರದ ಸ್ಕ್ರಿಪ್ಟ್ ಕೆಲವರನ್ನ ಕರೀತದ, ಕೆಲವರನ್ನ ಬಿಡ್ತದ ಅಂದ್ರ ನಾ ಇವತ್ತ ಮನೀಗಿ ಹೋಗಂಗಿಲ್ಲ ಸಾಹೇಬ್ರ" ಎಂದರು ಅಕ್ಕೋರು. ಆಮೇಲೆ ನನ್ನ ಕಡೆ ತಿರುಗಿದರು. "ಕಾಕು, ಜೀಪು ಹೋಗಗೊಡಬ್ಯಾಡ್ರಿ."

ನಾನು ಹೊರಗೆ ಹೋದೆ. ಜೀಪಿನವನಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಕಡೆಗೆ ಹೋಗಿ ಜೀಪಿನ ಹಿಂದಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವನು ಇಳಿದು ಬಂದು ನೋಡಿದ, ಏನಾಗಬೇಕು ಎಂದು ಕೇಳಿದ. ನಾನು ಸೆರಗು ಸರಿಮಾಡಿಕೊಂಡು ಹಾಗೇ ಕೂತೆ. ಬಿಳಿಸೀರೆಯ ಮುದುಕಿಯನ್ನು ಎತ್ತಿ ಇಳಿಸುವ ಹಾಗಿಲ್ಲವಲ್ಲ. ಅವನು ತಂಬಾಕು ತಿಕ್ಕುತ್ತ ಹೋಗಿ ಬೇವಿನ ನೆರಳಿಗೆ ಕೂತ. ನಾನು ಶಾಂತಾಬಾಯಿಯನ್ನು ಕರೆತಂದು ಆ ಮೆಟ್ಟಿಲ ಮೇಲೆ ನನ್ನ ಬದಲಿಗೆ ಕೂಡಿಸಿದೆ. ಅವಳು ನನಗಿಂತ ಗಟ್ಟಿಯಾಗಿ ಕೂತಳು.

ಒಳಗೆ ಬಂದಾಗ ಅಕ್ಕೋರು ಗುಮಾಸ್ತರಿಂದ ಕಥೆ ಹೇಳಿಸುತ್ತಿದ್ದರು. ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲು ಮಾಡಿದಿರಿ? ಏನೂ ಇಲ್ಲ. ಹೆಸರು ಹೇಗೆ ಬರೆದಿರಿ? ಯಾವಾಗಲೂ ಬರೆಯುವ ಹಾಗೆ. ನಮ್ಮ ಕಡೆ ಪ್ರತಿ ಊರಿನಲ್ಲೂ ಒಬ್ಬ ಶಾಂತಾಬಾಯಿ, ಒಬ್ಬ ಕಾಶೀನಾಥ ಇರುತ್ತಾರೆ. ಅದಕ್ಕೆ ಹಳ್ಳಿಯವರ ಹೆಸರಿನ ಮುಂದೆ ಬ್ರಾಕೆಟ್ ಹಾಕಿ ಊರು ಬರೆಯುವ ರೂಢಿ ಇತ್ತು. ಊರೊಳಗಿನವರಿಗೆ ಅದು ಬೇಕಿರಲಿಲ್ಲ.

ಅಳತೆಗಳು ಬಂದಿಲ್ಲ ಎನ್ನುವುದು ಮೊದಲು ಸುಳ್ಳಾಯಿತು. ಅಕ್ಕೋರು ಹುಡುಕಿದರೆ ಘಾಟಬೋರಾಳದ ಫೈಲುಗಳು ಒಂದರ ಕೆಳಗೆ ಒಂದು ಇದ್ದವು, ಎಲ್ಲರ ನಂಬರೂ ಅವುಗಳಲ್ಲಿ ಇತ್ತು. ಇದ್ದದ್ದು ಯಂತ್ರಕ್ಕೆ ಕಾಣುತ್ತಿರಲಿಲ್ಲ. ಮ್ಯಾನೇಜರ್ ಸಾಹೇಬರು, ಹಾಗಾದರೆ ನೋಡಿ ನೋಡಿ ಕೈಯಿಂದ ಬರೆದುಬಿಡೋಣ ಎಂದರು. ಅಕ್ಕೋರು ಒಪ್ಪಲಿಲ್ಲ. ಈ ಅವಸರದಲ್ಲಿ ಒಬ್ಬರ ಕಣ್ಣಿನ ನಂಬರು ಇನ್ನೊಬ್ಬರ ಚೀಟಿಗೆ ಹೋದರೆ ಮುದುಕಿಯ ಇರುವ ಒಂದೇ ಕಣ್ಣೂ ಹೋಗುತ್ತದೆ ಎಂದರು.

ಆಮೇಲೆ ಅಕ್ಕೋರಿಗೆ ಕಾರಣ ಹೊಳೆಯಿತು. ಹಿಂದಿನ ವಾರ ಕಂಪ್ಯೂಟರು ತಾನೇ ಹೊಸದೇನನ್ನೋ ಇಳಿಸಿಕೊಂಡಿತ್ತು. ದಾಸೋಹದವರು ಭಾಂಡೆ ಬದಲು ಮಾಡಿದ್ದಾರೆ, ಹಳೆಯ ಹುಕುಂ ಅವರಿಗೆ ತಿಳಿಯುತ್ತಿಲ್ಲ, ನೋಡುತ್ತಿರಿ, ಈಗ ಹಿಡಿಯುತ್ತೇನೆ ಎಂದು ತೋಳು ಏರಿಸಿದರು. ಡಾಟ್‌ನೆಟ್ ಯಾವುದಿತ್ತು, ಯಾವುದು ಬಂತು ಎಂದು ಒಂದೊಂದೇ ತೆಗೆದು ನೋಡಿದರು. ಹೊರಗೆ ಹಾರ್ನು ಮತ್ತೆ ಶುರುವಾಯಿತು. ಕಡೆಗೆ ಅವರು ಹಿಂದಕ್ಕೆ ಒರಗಿ, ವಾರ್ಡಿಗೆಲ್ಲ ಕೇಳುವ ಹಾಗೆ, "ನಾ ತಪ್ಪಿದೆ. ಅಡಿಗಿಮನಿ ಬರೋಬ್ಬರಿ ಅದ" ಎಂದರು.

ಅವರ ಚಹಾ ಬಸಿಯಲ್ಲಿ ಆರಿ ಕೆನೆಗಟ್ಟಿತ್ತು. ಮುಟ್ಟಲಿಲ್ಲ. ಮುಂದಿನ ಪ್ರಯತ್ನಕ್ಕೆ ತಮ್ಮದೇ ಹೆಸರು ಬರೆದರು, ಮುಂದೆ ಬ್ರಾಕೆಟ್ಟಿನಲ್ಲಿ ತಮ್ಮ ಊರು. ಸುಳ್ಳು ನಂಬರು ಹಾಕಿ ಫೈಲು ಇಟ್ಟು ಸ್ಕ್ರಿಪ್ಟ್ ಓಡಿಸಿದರು. ಪ್ರಿಂಟರು ಗರ್ ಎಂದಿತು, ಚೀಟಿ ಬಂತು. ನಮಗೆಲ್ಲ ಜೀವ ಬಂತು. ಅವರು ಚೀಟಿ ಎತ್ತಿ ತೋರಿಸಿ, ನೋಡ್ರಿ, ನನಗೇ ಆಪರೇಷನ್ ಬರೆದಿದೆ ಎಂದು ನಕ್ಕರು. ಆದರೆ ಘಾಟಬೋರಾಳದವರ ಹೆಸರುಗಳನ್ನು ಓಡಿಸಿದರೆ ಮತ್ತೆ ಅದೇ ಮೌನ.

ಅವರು ನಗು ನಿಲ್ಲಿಸಿದರು. ಬೆರಳಿಂದ ಮೇಜು ಕುಟ್ಟುತ್ತ ಕೂತರು. ಆಗ ಅವರು ಅಂದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ನಾ ಬರೆದದ್ದು ಬರುತ್ತದೆ, ಗುಮಾಸ್ತ ಅಣ್ಣ ಬರೆದದ್ದು ಬರುವುದಿಲ್ಲ, ಅಂದರೆ ರೋಗ ಯಂತ್ರದಲ್ಲಿಲ್ಲ, ಕೈಯಲ್ಲಿದೆ ಎಂದರು. ತಮ್ಮ ಕೀಬೋರ್ಡನ್ನು ಕಿತ್ತು ತೊಡೆಯ ಮೇಲೆ ಇಟ್ಟುಕೊಂಡರು. ಆಸ್ಪತ್ರೆಯ ಹಳೆಯ ಕೀಬೋರ್ಡನ್ನು ಮತ್ತೆ ಚುಚ್ಚಿ, ಕುರ್ಚಿ ಬಿಟ್ಟುಕೊಟ್ಟರು.

"ಅಣ್ಣಾ, ಹೇಳಿದ್ದು ಸಾಕು. ನನ್ನ ಮುಂದ ಒಂದು ಹೆಸರು ಬರೀರಿ. ಶಾಂತಾಬಾಯಿದು."

ಗುಮಾಸ್ತರು ಬರೆದರು. ಎಲ್ಲವೂ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಹೆಸರು ಮುಗಿಸಿ ಬ್ರಾಕೆಟ್ ಹಾಕಿದರು. ಅಕ್ಕೋರು ಅವರ ಕೈಯನ್ನು ಗಪ್ಪನೆ ಹಿಡಿದರು.

"ಚೌಕ ಬ್ರಾಕೆಟ್ ಯಾಕ? ಯಾವಾಗಲೂ ದುಂಡಂದು ಹಾಕ್ತಿದ್ರಿ."

"ದುಂಡಂದಕ್ಕ ಶಿಫ್ಟ್ ಒತ್ತಬೇಕಲ್ರಿ ಅಕ್ಕೋರ. ಮಳಿಗಾಲದಾಗ ಚಹಾ ಬಿತ್ತು, ಅವಾಗಿಂದ ಶಿಫ್ಟ್ ಕೆಲಸ ಮಾಡಂಗಿಲ್ಲ. ಇದಕ್ಕ ಶಿಫ್ಟ್ ಬೇಡ. ಅಡ್ಜಸ್ಟ್ ಮಾಡ್ಕೊಂಡೀನಿ."

"ಏನೂ ಬದಲ ಮಾಡಿಲ್ಲ ಅಂದ್ರಲ್ಲ?"

"ಇದೇನ್ ಬದಲ್ರಿ? ಬ್ರಾಕೆಟ್ ಬ್ರಾಕೆಟೇ ಅಲ್ಲೇನು?"

ಅವರು ಸುಳ್ಳು ಹೇಳಿರಲಿಲ್ಲ. ನಾವೆಲ್ಲ ಹಾಗೆಯೇ ಅಲ್ಲವೇ. ಕೊಡದ ಕಿವಿ ಮುರಿದರೆ ಕುತ್ತಿಗೆ ಹಿಡಿದು ಎತ್ತುತ್ತೇವೆ, ನಾಲ್ಕು ದಿನಕ್ಕೆ ಅದಕ್ಕೆ ಕಿವಿ ಇತ್ತೆಂಬುದೇ ಮರೆಯುತ್ತದೆ. ಗುಮಾಸ್ತರಿಗೆ ಅದು ಬದಲಾವಣೆ ಆಗಿ ಉಳಿದಿರಲಿಲ್ಲ. ಅಕ್ಕೋರಿಗೆ ಶಿಫ್ಟ್ ಕೆಟ್ಟದ್ದು ಗೊತ್ತಾಗದಿದ್ದದ್ದು, ಅವರು ಆ ಕೀಬೋರ್ಡನ್ನು ಎಂದೂ ಮುಟ್ಟದೆ ಇದ್ದದ್ದರಿಂದ. ಅದನ್ನೂ ಅವರೇ ಹೇಳಿದರು, ಹಣೆ ಬಡಿದುಕೊಂಡು, ನಗುತ್ತ. ನನ್ನ ಕುಸ್ತಿ ಲಂಗೋಟಿಯೇ ನನ್ನನ್ನು ಕೆಡವಿತು ಎಂದರು. ಫೈಲುಗಳ ಹೆಸರಿನಲ್ಲಿ ಆ ಚೌಕ ಬ್ರಾಕೆಟ್ ಅಷ್ಟು ಹೊತ್ತೂ ಅವರ ಕಣ್ಣೆದುರೇ ಇತ್ತು. "ಕಣ್ಣಿನ ದವಾಖಾನ್ಯಾಗ ಕೂತು ಕಂಡದ್ದು ಓದಲಿಲ್ಲ ಕಾಕು, ಗೊತ್ತಿದ್ದದ್ದು ಓದಿದೆ."

ಚೌಕಕ್ಕೂ ದುಂಡಿಗೂ ಏನು ಭೇದ ಎಂದು ಆಮೇಲೆ ತಿಳಿಸಿ ಹೇಳಿದರು. ಆ ಭಾಷೆಯಲ್ಲಿ ಫೈಲನ್ನು ಹುಡುಕುವಾಗ ಚೌಕ ಬ್ರಾಕೆಟ್ಟಿಗೆ ಬೇರೆ 'ಅರ್ಥ' ಇದೆ: ಇದರೊಳಗಿನ ಅಕ್ಷರಗಳಲ್ಲಿ ಯಾವುದಾದರೂ ಒಂದು. ಘಾಟಬೋರಾಳ ಎಂದು ಊರಿನ ಹೆಸರು ಬರೆದರೆ, ಅದರಲ್ಲಿಯ ಒಂದೇ ಅಕ್ಷರ ಇರುವ ಶಾಂತಾಬಾಯಿಯನ್ನು ಯಂತ್ರ ಹುಡುಕಲು ಹೋಗುತ್ತಿತ್ತು. ಅಂಥವಳು ಯಾರೂ ಇಲ್ಲ. ಬರಿಗೈಯಲ್ಲಿ ತಿರುಗಿ ಬಂದು, ಸಿಗಲಿಲ್ಲ ಎಂದು ಹೇಳದೆ, ಸುಮ್ಮನೆ ಮುಂದಿನ ಹೆಸರಿಗೆ ಹೋಗುತ್ತಿತ್ತು.

ಗುಮಾಸ್ತರು ಪಾಪ, ಎಲ್ಲ ಹೆಸರುಗಳನ್ನೂ ತಿದ್ದಿಬಿಡುತ್ತೇನೆ ಎಂದು ಕೀಬೋರ್ಡಿಗೆ ಕೈ ಹಾಕಿದರು. ಅಕ್ಕೋರು ಬಿಡಲಿಲ್ಲ. ಬಂದ ಮಂದಿಯ ಹೆಸರು ಯಾಕೆ ಬದಲಾಗಬೇಕು, ಬದಲಾಗಬೇಕಾದದ್ದು ನನ್ನ ಸ್ಕ್ರಿಪ್ಟ್ ಎಂದರು. ಒಂದು ಸಾಲಿನಲ್ಲಿ ಒಂದು ಪದ ತೆಗೆದು ಇನ್ನೊಂದನ್ನು ಹಾಕಿದರು. ಏನು ಹಾಕಿದಿರಿ ಎಂದು ನಾನು ಕೇಳಿದೆ. ಕೇಳಿದ್ದು ಅವರಿಗೆ ಕೇಳಿಸಿತು, ಸೆರಗಿಗಲ್ಲ.

"ಹೆಸರನ್ನ ಹೆಸರಾಗೇ ಓದು, ಅದರಾಗ ಅರ್ಥ ಹುಡುಕಬ್ಯಾಡ ಅಂತ ಹಾಕೀನಿ ಕಾಕು."

ಇನ್ನೂ ಒಂದು ಸಾಲು ಸೇರಿಸಿದರು. ಇನ್ನು ಮುಂದೆ ಯಾರದಾದರೂ ಫೈಲು ಸಿಗದಿದ್ದರೆ ಯಂತ್ರ ಕೆಂಪಕ್ಷರದಲ್ಲಿ ಅವರ ಹೆಸರು ಹೇಳಲೇಬೇಕು. ಜೋರಾಗಿ ತಪ್ಪು ಮಾಡುವವರನ್ನು ತಿದ್ದಬಹುದು, ಗೊತ್ತಿದ್ದೂ ಸುಮ್ಮನಿರುವವರನ್ನು ಹೇಗೆ ತಿದ್ದುವುದು ಎಂದು ಗೊಣಗುತ್ತ ಬರೆದರು. ನನ್ನ ಕಡೆ ನೋಡಿ ಅಂದದ್ದಲ್ಲ. ಆದರೂ ನನಗೆ ತಾಗಿತು.

ಪ್ರಿಂಟರು ಶುರುವಾಯಿತು. ಕಾಶೀನಾಥ, ಘಾಟಬೋರಾಳ. ತುಳಸಾಬಾಯಿ, ಘಾಟಬೋರಾಳ. ಒಂದರ ಹಿಂದೆ ಒಂದು, ಬಿಸಿಬಿಸಿ ರೊಟ್ಟಿಯ ಹಾಗೆ. ಮ್ಯಾನೇಜರ್ ಸಾಹೇಬರೇ ಪ್ರಿಂಟರಿನ ಮುಂದೆ ಬಗ್ಗಿ ನಿಂತು ಹಿಡಿದುಕೊಳ್ಳುತ್ತಿದ್ದರು. ಅಕ್ಕೋರು ಒಂದೊಂದು ಚೀಟಿಯನ್ನೂ ಫೈಲಿನ ಜೊತೆ ಹಿಡಿದು ನಂಬರು ತಾಳೆ ನೋಡಿ, ಕಟ್ಟನ್ನು ನನ್ನ ಕೈಗೆ ಕೊಟ್ಟರು.

"ಹೋಗ್ರಿ ಕಾಕು. ಒದರ್ರಿ."

ನಾನು ಬಾಗಿಲಿಗೆ ಬಂದೆ. ಶಾಂತಾಬಾಯಿಯನ್ನು ಹೇಗೋ ಜೀಪಿನೊಳಗೆ ಕೂಡಿಸಿಕೊಂಡಿದ್ದರು, ಇಂಜಿನು ಶುರುವಾಗಿತ್ತು, ಅದು ಹಿಂದಕ್ಕೆ ತಿರುಗುತ್ತಿತ್ತು. ಅಂಗಳದ ತುಂಬ ಜನ. ಮದುವೆಯಾದ ಮೇಲೆ ನಾನು ಗಂಡಸರ ಎದುರಿಗೆ ಧ್ವನಿ ಎತ್ತಿದವಳಲ್ಲ. ಅಜ್ಜ ಹೋದ ಮೇಲಂತೂ ಬಾಗಿಲಲ್ಲಿ ನಿಂತು ಯಾರನ್ನೂ ಕರೆದವಳಲ್ಲ. ಆದರೆ ಆ ಹೊತ್ತಿಗೆ ಸುಮ್ಮನಿದ್ದರೆ ಆ ಕಣ್ಣು ಘಾಟಬೋರಾಳಕ್ಕೆ ಹಾಗೇ ಹೊರಟುಹೋಗುತ್ತಿತ್ತು. ಮೇಲಿನ ಚೀಟಿ ಎತ್ತಿದೆ.

"ಶಾಂತಾಬಾಯಿ, ಘಾಟಬೋರಾಳ!"

ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. ಬೇವಿನ ಮರದ ಕಾಗೆಗಳು ಎದ್ದವು ಎಂದು ಗುಮಾಸ್ತರು ಆಮೇಲೆ ಎಲ್ಲರಿಗೂ ಹೇಳಿಕೊಂಡು ನಕ್ಕರು. ಜೀಪು ನಿಂತಿತು. ಒಳಗಿನಿಂದ "ಅದೀನ್ರೀ ಎವ್ವಾ" ಎಂದು ಉತ್ತರ ಬಂತು. ಮುಂದಿನ ಹೆಸರು ಕರೆದೆ, ಅದರ ಮುಂದಿನದನ್ನೂ ಕರೆದೆ. ಒಬ್ಬೊಬ್ಬರೇ ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ಇಳಿದು ಬಂದರು. ಕಡೆಯ ಚೀಟಿ ಮುಗಿದ ಮೇಲೂ ಇನ್ನೊಂದು ಹೆಸರು ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಆ ಮಧ್ಯಾಹ್ನವೇ ಡಾಕ್ಟರು ಶಾಂತಾಬಾಯಿಗೆ ಆಪರೇಷನ್ ಮಾಡಿದರು. ಉಳಿದವರದು ಕೆಲವು ಅಂದು, ಕೆಲವು ಮರುದಿನ ಬೆಳಿಗ್ಗೆ. ಘಾಟಬೋರಾಳದವರಲ್ಲಿ ಒಬ್ಬರೂ ಆಪರೇಷನ್ ಆಗದೆ ತಿರುಗಿ ಹೋಗಲಿಲ್ಲ.

ಮರುದಿನ ಅಕ್ಕೋರಿಗೆ ನಮ್ಮಲ್ಲಿ ಕೆಲಸ ಇರಲಿಲ್ಲ. ಆದರೂ ಕ್ಲಾಸು ಬಿಟ್ಟು ಮೊದಲನೇ ಬಸ್ಸಿಗೆ ಬಂದರು, ಬರುವಾಗ ಆಸ್ಪತ್ರೆಗೆ ಒಂದು ಹೊಸ ಕೀಬೋರ್ಡು ತಂದಿದ್ದರು. ಅವರು ವಾರ್ಡಿಗೆ ಬರುವ ಹೊತ್ತಿಗೆ ನಾನು ಶಾಂತಾಬಾಯಿಯ ಪಟ್ಟಿ ಬಿಚ್ಚುತ್ತಿದ್ದೆ. ಹತ್ತಿಯಿಂದ ಒರೆಸಿ, ಮೆಲ್ಲಗೆ ತೆರೆ ಎಂದೆ. ಅವಳು ತೆರೆದಳು. ಮೊದಲು ತನ್ನ ಬಳೆ ನೋಡಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ನಿನ್ನೆ ಒಳಗೆ ಕೂತು ದೊಡ್ಡ ದನಿಯಲ್ಲಿ ಎಲ್ಲರನ್ನೂ ಬೈಯುತ್ತ ತನ್ನ ಹೆಸರು ಹುಡುಕಿಕೊಟ್ಟಾಕೆ ಯಾರು ಎಂದು ಕೇಳಿದಳು.

ಅಕ್ಕೋರು ಅವಳ ಕಾಲ್ದೆಸೆಯಲ್ಲೇ ನಿಂತಿದ್ದರು. ನಾನು ಬೆರಳು ಮಾಡಿ ತೋರಿಸಿದೆ. ಶಾಂತಾಬಾಯಿ ಅವರ ತಲೆಯಿಂದ ಕಾಲಿನ ತನಕ ನೋಡಿದಳು, ಮತ್ತೆ ಕಾಲಿನಿಂದ ತಲೆಯ ತನಕ. ತಲೆಗೂ ಕಾಲಿಗೂ ದೂರ ಇರಲಿಲ್ಲ. ಮಂಚದ ಕಂಬಿಗಿಂತ ಅಕ್ಕೋರ ಭುಜ ತುಸುವೇ ಮೇಲಿತ್ತು.

"ಇಷ್ಟೇ ಅದೀಯೇನವ್ವಾ?" ಎಂದಳು. "ದನಿ ಕೇಳಿ ನಾ ಕಲ್ಯಾಣದ ಕಿಲ್ಲೆದಷ್ಟು ಎತ್ತರ ಇರ್ತೀ ಅನ್ಕೊಂಡಿದ್ದೆ."

ವಾರ್ಡಿನಲ್ಲಿ ಪಟ್ಟಿ ಬಿಚ್ಚಿದವರು, ಬಿಚ್ಚದವರು ಎಲ್ಲರೂ ನಕ್ಕರು. ನಾನೂ ನಕ್ಕೆ, ಸೆರಗು ಬಾಯಿಗೆ ಒತ್ತಿಕೊಳ್ಳದೆ. ಅಕ್ಕೋರು ಚಷ್ಮಾ ಏರಿಸಿಕೊಂಡರು, ರೋಗಿಗಳು ಮಂಚ ಹತ್ತಲು ಇಟ್ಟಿದ್ದ ಸ್ಟೂಲನ್ನು ಕಾಲಿಂದ ಎಳೆದುಕೊಂಡು ಅದರ ಮೇಲೆ ಹತ್ತಿ, ಸೊಂಟಕ್ಕೆ ಕೈಯಿಟ್ಟು ನಿಂತರು.

"ಈಗ ನೋಡು ಆಯಿ" ಎಂದರು. "ಬರೋಬ್ಬರಿ ನೋಡು."